‘ಟು’ ಎಂಬ ಪುಟ್ಟ ಪದ, ಅಧಿಕಾರದ ದೊಡ್ಡ ಜಗಳ

ಬೆಂಗಳೂರಿರಲಿ, ಮೈಸೂರಿರಲಿ, ಹುಬ್ಬಳ್ಳಿಯಿರಲಿ, ಯಾವ ಬಡಾವಣೆಗೆ ಹೋದರೂ ಗೇಟಿಗೆ ತೂಗುಹಾಕಿದ ಹಲಗೆಯೊಂದು ಕಣ್ಣಿಗೆ ಬೀಳುತ್ತದೆ: ‘ಟು ಲೆಟ್’. ಎರಡು ಪದಗಳ ನಡುವೆ ಒಂದು ‘ಐ’ ಅಕ್ಷರ ಗೀಚಿ ಮನೆಯನ್ನು ಶೌಚಾಲಯ ಮಾಡಿಬಿಡುವ ಪೋಕರಿ ಹುಡುಗರ ತಮಾಷೆಯೂ ಹಲಗೆಯಷ್ಟೇ ಹಳೆಯದು. ಇಂಗ್ಲಿಷಿನ ಗಂಧವಿಲ್ಲದವರಿಗೂ ಅರ್ಥವಾಗುವ ಈ ಮಾತಿನಲ್ಲಿ ಒಂದು ಸಣ್ಣ ಸೋಜಿಗ ಅಡಗಿದೆ. ‘ಲೆಟ್’ ಎಂದರೆ ಬಾಡಿಗೆಗೆ ಕೊಡು. ಮನೆ ಯಾರಿಗೂ ಏನನ್ನೂ ಬಾಡಿಗೆಗೆ ಕೊಡುವುದಿಲ್ಲ, ಕೊಡುವವನು ಅದರ ಮಾಲೀಕ. ತರ್ಕಕ್ಕೆ ಬಿದ್ದವರು ‘ಟು ಬಿ ಲೆಟ್’, ಅಂದರೆ ‘ಕೊಡಲ್ಪಡಲಿರುವುದು’ ಎಂದು ಬರೆಯಬೇಕೆನ್ನುತ್ತಾರೆ. ಕೆಲವು ಹಲಗೆಗಳಲ್ಲಿ ಹಾಗೆ ಬರೆದಿರುವುದೂ ಉಂಟು. ಆದರೆ ಹಳೆಯ ಇಂಗ್ಲಿಷಿನ ಜಾಡು ಹಿಡಿದಿರುವುದು ಮೊದಲನೆಯ ಹಲಗೆಯೇ. ಚಾರ್ಲ್ಸ್ ಡಿಕನ್ಸ್ ಮತ್ತು ಅವನ ಮೂವರು ಜೊತೆಗಾರರು 1858ರಲ್ಲಿ ಅವನ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗಾಗಿ ಬರೆದ ಕಥಾಮಾಲೆಯ ಹೆಸರೂ ‘ಎ ಹೌಸ್ ಟು ಲೆಟ್’ ಎಂದೇ ಇತ್ತು.

ಕ್ರಿಯಾಪದದ ಮುಂದೆ ‘ಟು’ ಹಚ್ಚಿದ ಈ ರೂಪವನ್ನು ಶಾಲೆಯ ಇಂಗ್ಲಿಷ್ ವ್ಯಾಕರಣ ‘ಇನ್‌ಫಿನಿಟಿವ್’ ಎಂದು ಕರೆಯುತ್ತದೆ. ಲ್ಯಾಟಿನ್ ವೈಯಾಕರಣರಿಂದ ಬಂದ ಈ ಹೆಸರಿಗೆ ‘ಮಿತಿ ಇಲ್ಲದ್ದು’ ಎಂದು ಅರ್ಥ. ಮಾಡುವವರು ಒಬ್ಬರೋ ಹಲವರೋ, ನೀನೋ ಅವರೋ ಎಂಬ ಯಾವ ಕಟ್ಟೂ ಅದಕ್ಕಿಲ್ಲ. ಕನ್ನಡದಲ್ಲಿ ಇದರ ಹತ್ತಿರದ ನೆಂಟರೆಂದರೆ ‘ಓದಲು’, ‘ಓದಲಿಕ್ಕೆ’, ‘ಓದುವುದಕ್ಕೆ’ ಎಂಬ ರೂಪಗಳು. ನಮ್ಮ ವ್ಯಾಕರಣ ಇವನ್ನು ಅವ್ಯಯ ಕೃದಂತಗಳ ಸಾಲಿನಲ್ಲಿ ಕೂರಿಸಿದೆ.

ಈ ಇನ್‌ಫಿನಿಟಿವ್ ಕ್ರಿಯಾಪದದ ಬೆನ್ನಿಗೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ನಾಮಪದದ ಬೆನ್ನಿಗೆ ಬಿದ್ದಾಗ ನಡೆಯುವ ಆಟವೇ ಬೇರೆ. ‘ಎ ಬುಕ್ ಟು ರೀಡ್’ ಎಂದರೆ ಓದುವ ಪುಸ್ತಕ. ಇಲ್ಲಿ ಪುಸ್ತಕ ಓದಿಸಿಕೊಳ್ಳುತ್ತದೆ. ‘ಎ ಮ್ಯಾನ್ ಟು ಹೆಲ್ಪ್ ಅಸ್’ ಎಂದರೆ ನಮಗೆ ಸಹಾಯ ಮಾಡುವ ಮನುಷ್ಯ. ಇಲ್ಲಿ ಮನುಷ್ಯನೇ ಮಾಡುವವನು. ‘ಎ ಪೆನ್ ಟು ರೈಟ್ ವಿತ್’ ಎನ್ನುವಾಗ ಪೆನ್ನು ಮಾಡುವುದೂ ಇಲ್ಲ, ಮಾಡಿಸಿಕೊಳ್ಳುವುದೂ ಇಲ್ಲ, ಅದು ಬರಿಯ ಸಾಧನ. ಅದಕ್ಕೇ ಕೊನೆಯಲ್ಲಿ ‘ವಿತ್’ ಎಂಬ ಬಾಲ. ವಾಕ್ಯವನ್ನು ಇಂಥ ಬಾಲದಲ್ಲಿ ಮುಗಿಸುವುದು ಸೊಗಸಲ್ಲವೆಂದು ಕವಿ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ನನ ಬರಹವನ್ನು ಹಿಡಿದು ತಕರಾರು ತೆಗೆದ. ಇಂಗ್ಲಿಷ್ ಮೇಷ್ಟರುಗಳು ಆ ತಕರಾರನ್ನು ಮುನ್ನೂರು ವರ್ಷ ಹೊತ್ತು ತಿರುಗಿದರು. ಇಂಗ್ಲಿಷ್ ಮಾತಾಡುವ ಜನ ಮಾತ್ರ ಅದಕ್ಕೆ ಕಿವಿಗೊಡಲಿಲ್ಲ.

ಕನ್ನಡ ಈ ವಿಷಯದಲ್ಲಿ ಇನ್ನೂ ಸರಳ. ಓದುವ ಹುಡುಗ, ಓದುವ ಪುಸ್ತಕ, ಓದುವ ಕನ್ನಡಕ, ಓದುವ ಕೋಣೆ: ನಾಲ್ಕೂ ಕಡೆ ಒಂದೇ ‘ಓದುವ’. ಓದುವವರು ಯಾರು, ಓದಿಸಿಕೊಳ್ಳುವುದು ಯಾವುದು ಎಂದು ಭಾಷೆ ಬಿಡಿಸಿ ಹೇಳುವುದಿಲ್ಲ. ಕನ್ನಡಕ ಓದುವುದಿಲ್ಲವೆಂಬ ಲೋಕಜ್ಞಾನ ಕೇಳುಗನಿಗೆ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ವ್ಯವಹಾರ ಸಾಗುತ್ತದೆ. ‘ಮಾರುವ ಮನೆ’ ಎಂದಾಗ ಮನೆ ಏನನ್ನು ಮಾರುತ್ತದೆ ಎಂದು ಯಾರೂ ಕೇಳುವುದಿಲ್ಲವಷ್ಟೆ.

ಇಂಗ್ಲಿಷಿನ ‘ಟು’ ಹೀಗೆ ನಾಮಪದಕ್ಕೆ ಅಂಟಿಕೊಂಡ ಕಥೆ ಸಾವಿರ ವರ್ಷಕ್ಕೂ ಹಿಂದಿನದು. ಆಗಿನ ಇಂಗ್ಲಿಷಿನಲ್ಲಿ ಇನ್‌ಫಿನಿಟಿವ್‌ಗೆ ಎರಡು ರೂಪಗಳಿದ್ದವು. ಒಂದು, ‘ಅನ್’ ಎಂದು ಮುಗಿಯುವ ಬರಿಯ ರೂಪ: ‘ದ್ರಿಂಕನ್’, ಕುಡಿ. ಇನ್ನೊಂದು, ‘ಟೋ’ ಜೊತೆಗೆ ಬಂದು ‘ಎನ್ನೆ’ ಅಥವಾ ‘ಅನ್ನೆ’ ಎಂದು ಮುಗಿಯುವ ರೂಪ: ‘ಟೋ ದ್ರಿಂಕನ್ನೆ’. ಕ್ರಿಯಾಪದವನ್ನು ನಾಮಪದದಂತೆ ನಡೆಸಿ ಅದಕ್ಕೆ ಚತುರ್ಥಿ ವಿಭಕ್ತಿ ಹಚ್ಚಿದ ರೂಪ ಅದು. ಅಂದರೆ ‘ಕುಡಿಯುವುದರ ಕಡೆಗೆ’, ‘ಕುಡಿಯುವುದಕ್ಕೆ’. ಕನ್ನಡ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಕುಡಿಯುವುದಕ್ಕೆ ನೀರು’ ಎನ್ನುವಾಗ ಕೊನೆಯಲ್ಲಿರುವ ‘ಕ್ಕೆ’ಯೂ ಚತುರ್ಥಿಯೇ. ಒಂದಕ್ಕೊಂದು ರಕ್ತಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಉಪಾಯ ಹೂಡಿವೆ. ಹನ್ನೊಂದನೇ ಶತಮಾನದ ನಂತರ ಇಂಗ್ಲಿಷಿನ ಪ್ರತ್ಯಯಗಳು ಸವೆಯತೊಡಗಿದವು. ‘ಅನ್’ ಮತ್ತು ‘ಎನ್ನೆ’ ಎರಡೂ ಕರಗಿ ಒಂದಾದವು, ಆಮೇಲೆ ಆ ಒಂದೂ ಮಾಯವಾಯಿತು. ಉಳಿದದ್ದು ಮುಂದೆ ನಿಂತಿದ್ದ ‘ಟು’ ಮಾತ್ರ. ಮಾಡುವುದು, ಮಾಡಿಸಿಕೊಳ್ಳುವುದು ಎಂಬ ಭೇದವನ್ನು ಆ ಹಳೆಯ ರೂಪ ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. ಬಾಡಿಗೆ ಮನೆಯ ಹಲಗೆಯಲ್ಲಿ ಉಳಿದುಬಂದಿರುವುದು ಅದರದೇ ಕುರುಹು.

ಇಷ್ಟೇ ಆಗಿದ್ದರೆ ಇದು ಮೇಷ್ಟರುಗಳ ಪಾಡಿಗೆ ಬಿಡಬಹುದಾದ ವಿಷಯ. ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ಜಾತಿಯ ನಾಮಪದಗಳಿವೆ: ರೈಟ್, ಪವರ್, ಡ್ಯೂಟಿ, ಪರ್ಮಿಷನ್. ಹಕ್ಕು, ಅಧಿಕಾರ, ಕರ್ತವ್ಯ, ಅಪ್ಪಣೆ. ಪುಸ್ತಕಕ್ಕೂ ಪೆನ್ನಿಗೂ ‘ಟು’ ಬರದಿದ್ದರೂ ಅವು ಪುಸ್ತಕವಾಗಿ, ಪೆನ್ನಾಗಿ ಉಳಿಯುತ್ತವೆ. ಅಧಿಕಾರ ಹಾಗಲ್ಲ, ಅದು ಖಾಲಿ ಕೊಡ. ಏನು ಮಾಡುವ ಅಧಿಕಾರ ಎಂಬುದನ್ನು ಹಿಂದೆ ಬರುವ ಇನ್‌ಫಿನಿಟಿವ್ ಹೇಳಿದಾಗಲೇ ಅದಕ್ಕೊಂದು ತೂಕ. ಹೀಗಾಗಿ ರಾಜ್ಯಗಳನ್ನು ಕಟ್ಟುವ ಕಾಗದಪತ್ರಗಳಲ್ಲಿ, ಸಂವಿಧಾನಗಳಲ್ಲಿ, ಈ ‘ಟು’ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಕೋಟಿಗಟ್ಟಲೆ ಹಣ, ಲಕ್ಷಾಂತರ ಜನರ ಬದುಕು ನಿಂತುಬಿಡುತ್ತದೆ. ಅತಿಶಯೋಕ್ತಿ ಎನ್ನಿಸಿದರೆ ಅಮೆರಿಕದ ಸಂವಿಧಾನದ ಒಂದು ವಾಕ್ಯವನ್ನು ನೋಡಬಹುದು.

1787ರ ಬೇಸಿಗೆ. ಬ್ರಿಟನ್ನಿನಿಂದ ಬಿಡಿಸಿಕೊಂಡ ಹದಿಮೂರು ರಾಜ್ಯಗಳ ಒಕ್ಕೂಟ ಕುಂಟುತ್ತಿತ್ತು. 1781ರಲ್ಲಿ ಜಾರಿಗೆ ಬಂದಿದ್ದ ಒಪ್ಪಂದದಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಯುದ್ಧಕ್ಕೆ ಮಾಡಿದ ಸಾಲ ತೀರಿಸಲು ರಾಜ್ಯಗಳ ಮುಂದೆ ಕೈಯೊಡ್ಡಬೇಕು, ಅವು ಕೊಟ್ಟರೆ ಕೊಟ್ಟವು. ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಪ್ರತಿನಿಧಿಗಳು ಈ ಕೊರತೆಯನ್ನು ತುಂಬಲು ಹೊರಟರು. ಆದರೆ ಬಲವಾದ ಕೇಂದ್ರವೆಂದರೆ ಹಲವರಿಗೆ ಭಯ. ಹಾಗಾಗಿ ‘ಕಾಂಗ್ರೆಸ್ಸಿಗೆ ಅಧಿಕಾರ ಇರತಕ್ಕದ್ದು’ ಎಂದು ಒಮ್ಮೆ ಬರೆದು, ಅದರ ಹಿಂದೆ ಒಂದೊಂದೇ ಇನ್‌ಫಿನಿಟಿವ್ ಪೋಣಿಸುತ್ತಾ ಹೋದರು: ತೆರಿಗೆ ವಿಧಿಸಲು, ಸಾಲ ಎತ್ತಲು, ವಾಣಿಜ್ಯವನ್ನು ನಿಯಂತ್ರಿಸಲು, ನಾಣ್ಯ ಟಂಕಿಸಲು, ಅಂಚೆ ಕಚೇರಿ ಸ್ಥಾಪಿಸಲು, ಯುದ್ಧ ಸಾರಲು. ಮೊದಲನೇ ವಿಧಿಯ ಎಂಟನೇ ಪ್ರಕರಣದಲ್ಲಿ ಇಂಥ ಹದಿನೆಂಟು ಖಂಡಗಳಿವೆ. ಎಲ್ಲವೂ ‘ಪವರ್’ ಎಂಬ ಒಂದೇ ನಾಮಪದಕ್ಕೆ ಜೋತುಬಿದ್ದಿವೆ. ವಿಶೇಷಣ ಹಿಂದೆ ಬರುವ ಭಾಷೆಗೆ ಇದು ಸುಲಭ, ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ ಎಷ್ಟು ಬೇಕಾದರೂ ಎಳೆಯಬಹುದು. ವಿಶೇಷಣ ಮುಂದೆ ಬಂದು ನಾಮಪದ ಕೊನೆಗೆ ನಿಲ್ಲುವ ಕನ್ನಡದಲ್ಲಿ ಹೀಗೆ ಬರೆದರೆ ‘ಅಧಿಕಾರ’ ಎಂಬ ಪದ ಬರುವಷ್ಟರಲ್ಲಿ ಓದುಗ ನಿದ್ದೆಹೋಗಿರುತ್ತಾನೆ. ನಮ್ಮ ಭಾಷಾಂತರಕಾರರು ಪಟ್ಟಿ ಮಾಡಿಯೇ ಪಾರಾಗಬೇಕು.

ಮೊದಲನೇ ಖಂಡ ಸರಳವಾಗಿತ್ತು: ತೆರಿಗೆ, ಸುಂಕ, ಅಬಕಾರಿಗಳನ್ನು ವಿಧಿಸಿ ವಸೂಲು ಮಾಡಲು. ಸೆಪ್ಟೆಂಬರ್ 4ರಂದು ಸಮಿತಿಯೊಂದು ಅದಕ್ಕೆ ಇನ್ನೊಂದು ‘ಟು’ ಸೇರಿಸಿತು: ಸಾಲಗಳನ್ನು ತೀರಿಸಲು, ದೇಶದ ರಕ್ಷಣೆಗೂ ‘ಸಾರ್ವತ್ರಿಕ ಹಿತ’ಕ್ಕೂ ಏರ್ಪಾಟು ಮಾಡಲು. ಎರಡರ ನಡುವೆ ಇದ್ದದ್ದು ಒಂದು ಅಲ್ಪವಿರಾಮ. ಪ್ರಶ್ನೆ ಹುಟ್ಟಿದ್ದು ಇಲ್ಲಿ. ಈ ಎರಡನೇ ‘ಟು’ ಯಾವುದಕ್ಕೆ ಅಂಟಿಕೊಂಡಿದೆ? ‘ಪವರ್’ಗೋ, ‘ವಿಧಿಸಲು’ ಎಂಬುದಕ್ಕೋ?

ಕನ್ನಡದಲ್ಲಿ ಹೇಳಿ ನೋಡಿದರೆ ಅಂತರ ತಟ್ಟನೆ ಕಾಣುತ್ತದೆ. ‘ಸಾಲ ತೀರಿಸುವುದಕ್ಕಾಗಿ, ಸಾರ್ವತ್ರಿಕ ಹಿತ ನೋಡಿಕೊಳ್ಳುವುದಕ್ಕಾಗಿ ತೆರಿಗೆ ವಿಧಿಸುವ ಅಧಿಕಾರ’ ಎಂಬುದು ಒಂದು. ‘ತೆರಿಗೆ ವಿಧಿಸುವ, ಸಾಲ ತೀರಿಸುವ, ಸಾರ್ವತ್ರಿಕ ಹಿತ ನೋಡಿಕೊಳ್ಳುವ ಅಧಿಕಾರ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕೇಂದ್ರಕ್ಕೆ ಸಿಕ್ಕಿರುವುದು ತೆರಿಗೆ ಎತ್ತಿ ಖರ್ಚು ಮಾಡುವ ಅಧಿಕಾರ ಮಾತ್ರ, ಹಿತ ಎಂಬುದು ಅದರ ಉದ್ದೇಶ. ಎರಡನೆಯದರಲ್ಲಿ ‘ಸಾರ್ವತ್ರಿಕ ಹಿತ’ ಎಂಬ ಹೆಸರಿನಲ್ಲಿ ಏನು ಕಾನೂನು ಬೇಕಾದರೂ ಮಾಡುವ ಅಧಿಕಾರ ಅದರ ಕೈಗೆ ಬರುತ್ತದೆ, ಹಿಂದೆ ಬರುವ ಹದಿನೇಳು ಖಂಡಗಳು ಬರಿಯ ಅಲಂಕಾರವಾಗುತ್ತವೆ. ಕನ್ನಡದ ಭಾಷಾಂತರಕಾರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಪೆನ್ನು ಎತ್ತಲಾರ. ಇಂಗ್ಲಿಷಿನಲ್ಲಿ ಆರಿಸಿಕೊಳ್ಳದೆಯೇ ಇರಬಹುದು. ರಾಜಕಾರಣಿಗಳಿಗೆ ಅದೊಂದು ವರವೂ ಹೌದು.

ಭಾಷೆಯನ್ನು ತಿದ್ದಿ ಒಪ್ಪ ಮಾಡಲು ನೇಮಿಸಿದ ಐವರ ಸಮಿತಿಯಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್ ಅವರ ಜೊತೆ ಗವರ್ನರ್ ಮಾರಿಸ್ ಎಂಬ ಪೆನ್ಸಿಲ್ವೇನಿಯಾದ ಪ್ರತಿನಿಧಿಯಿದ್ದ. ‘ಗವರ್ನರ್’ ಎಂಬುದು ಅವನ ಪದವಿಯಲ್ಲ, ಹೆಸರೇ ಅದು. ಸಂವಿಧಾನದ ಅಂತಿಮ ಭಾಷೆ ಬಹುಮಟ್ಟಿಗೆ ಅವನ ಕೈಯದು, ಬಲಿಷ್ಠ ಕೇಂದ್ರದ ಪಕ್ಷಪಾತಿಯೂ ಅವನೇ. ಸೆಪ್ಟೆಂಬರ್ 12ರಂದು ಸಮಿತಿಯ ಕರಡು ಅಚ್ಚಾಗಿ ಬಂದಾಗ ‘ಅಬಕಾರಿ’ಯ ಮುಂದೆ ಇದ್ದ ಅಲ್ಪವಿರಾಮ ಅರ್ಧವಿರಾಮವಾಗಿತ್ತು. ಅರ್ಧವಿರಾಮ ಬಂದರೆ ವಾಕ್ಯ ಅಲ್ಲಿ ಕತ್ತರಿಸುತ್ತದೆ. ಆಗ ಎರಡನೇ ‘ಟು’ ನೇರವಾಗಿ ‘ಪವರ್’ಗೆ ಹೋಗಿ ಅಂಟಿಕೊಳ್ಳುತ್ತದೆ. ಹನ್ನೊಂದು ವರ್ಷಗಳ ತರುವಾಯ, 1798ರ ಜೂನ್‌ನಲ್ಲಿ, ಜಿನೀವಾ ಮೂಲದ ಆಲ್ಬರ್ಟ್ ಗ್ಯಾಲಟಿನ್ ಎಂಬ ಸದಸ್ಯ ಪ್ರತಿನಿಧಿ ಸಭೆಯಲ್ಲಿ ಎದ್ದುನಿಂತು ಒಂದು ಗುಟ್ಟು ಬಿಚ್ಚಿದ. ಸಮಿತಿಯ ಸದಸ್ಯನೊಬ್ಬ ಬೇಕೆಂದೇ ಆ ಚುಕ್ಕೆಯನ್ನು ಸೇರಿಸಿದ್ದನೆಂದೂ, ಆಗಲೇ ತೀರಿಕೊಂಡಿದ್ದ ಕನೆಕ್ಟಿಕಟ್‌ನ ಒಬ್ಬ ಪ್ರತಿನಿಧಿ ಅದನ್ನು ಪತ್ತೆಹಚ್ಚಿ ಹಳೆಯ ಅಲ್ಪವಿರಾಮವನ್ನು ಮರಳಿ ಹಾಕಿಸಿದನೆಂದೂ ಹೇಳಿದ. ಹೆಸರು ಹೇಳದಿದ್ದರೂ ಬೆರಳು ಮಾರಿಸ್‌ನತ್ತಲೂ, ಹೊಗಳಿಕೆ ರೋಜರ್ ಶೆರ್ಮನ್‌ಗೂ ಸಂದಿತು.

ಗ್ಯಾಲಟಿನ್ ಫಿಲಡೆಲ್ಫಿಯಾದ ಆ ಸಭೆಯಲ್ಲಿ ಇದ್ದವನಲ್ಲ. ಕೇಳಿದ್ದನ್ನು ಹೇಳಿದವನು, ಅದೂ ರಾಜಕೀಯ ಎದುರಾಳಿಗಳ ಮೇಲೆ. ಆದ್ದರಿಂದ ಕಥೆಯನ್ನು ಪೂರ್ತಿ ನಂಬಬೇಕಾಗಿಲ್ಲ, ಅಚ್ಚು ಹಾಕುವವನ ಕೈತಪ್ಪೂ ಆಗಿರಬಹುದು. ಆದರೆ ಮಾರಿಸ್ ಅಷ್ಟು ಮುಗ್ಧನೇನೂ ಅಲ್ಲ. ನ್ಯಾಯಾಂಗಕ್ಕೆ ಸಂಬಂಧಿಸಿದ ಭಾಗದಲ್ಲಿ ತನ್ನ ಅಭಿಪ್ರಾಯ ಉಳಿಯುವಂತೆಯೂ ಉಳಿದವರು ಬೆಚ್ಚದಂತೆಯೂ ಪದಗಳನ್ನು ಆರಿಸಬೇಕಾಯಿತೆಂದು 1814ರ ಪತ್ರವೊಂದರಲ್ಲಿ ಅವನೇ ಬರೆದುಕೊಂಡಿದ್ದಾನೆ.

ಸೆಪ್ಟೆಂಬರ್ 17ರಂದು ಸಹಿಯಾದ ಚರ್ಮಪತ್ರದಲ್ಲಿ ಅಲ್ಪವಿರಾಮವೇ ಇದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಓದು. ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದವನು ಜೇಕಬ್ ಶಾಲಸ್ ಎಂಬ ಗುಮಾಸ್ತ, ಅವನಿಗೆ ಸಂದ ಕೂಲಿ 30 ಡಾಲರು. ಅವನ ಬರವಣಿಗೆಯಲ್ಲಿ ಇನ್ನೊಂದು ಸುಳಿವೂ ಇದೆ. ಹದಿನೆಂಟು ಖಂಡಗಳ ಆರಂಭದ ‘ಟು’ಗಳಿಗೆಲ್ಲ ದೊಡ್ಡ ಅಕ್ಷರ, ಸಾಲ ತೀರಿಸುವ ‘ಟು’ಗೆ ಮಾತ್ರ ಸಣ್ಣ ಅಕ್ಷರ. ಅದು ಬೇರೆ ಅಧಿಕಾರವಲ್ಲ, ತೆರಿಗೆಯ ಬಾಲ ಎನ್ನುವವರು ಇಂದಿಗೂ ಈ ಸಣ್ಣ ಅಕ್ಷರದ ಕಡೆ ಬೊಟ್ಟುಮಾಡುತ್ತಾರೆ.

ಚುಕ್ಕೆ ಸರಿಹೋದರೂ ಜಗಳ ನಿಲ್ಲಲಿಲ್ಲ. 1791ರಲ್ಲಿ ರಾಷ್ಟ್ರೀಯ ಬ್ಯಾಂಕಿನ ಪ್ರಶ್ನೆ ಬಂದಾಗ ಜೆಫರ್‌ಸನ್, ಅಧ್ಯಕ್ಷ ವಾಷಿಂಗ್‌ಟನ್ ಅವರಿಗೆ ಕೊಟ್ಟ ಅಭಿಪ್ರಾಯದಲ್ಲಿ ವ್ಯಾಕರಣದ ಪಾಠವನ್ನೇ ಮಾಡಿದ. ತೆರಿಗೆ ಅಧಿಕಾರ, ಹಿತ ಅದರ ಉದ್ದೇಶ, ಎರಡನೆಯದನ್ನು ಸ್ವತಂತ್ರ ಅಧಿಕಾರವೆಂದು ಓದಿದರೆ ಉಳಿದ ಪಟ್ಟಿಯೆಲ್ಲ ವ್ಯರ್ಥ ಎಂಬುದು ಅವನ ವಾದ. ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್ ತನ್ನ ಕೈಗಾರಿಕಾ ವರದಿಯಲ್ಲಿ ‘ಹಿತ’ ಎಂಬ ಪದವನ್ನು ಅಗಲಿಸಿದ. ಕೃಷಿಗೆ, ಕಲಿಕೆಗೆ, ಕೈಗಾರಿಕೆಗೆ ಕೇಂದ್ರ ಹಣ ಖರ್ಚು ಮಾಡಬಹುದು, ಖರ್ಚು ಇಡೀ ದೇಶದ ಹಿತಕ್ಕಾಗಿರಬೇಕು ಅಷ್ಟೆ ಎಂದ. ಹಣದ ಆಚೆಗಿನ ಅಧಿಕಾರವನ್ನು ಅವನೂ ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಮ್ಯಾಡಿಸನ್ ಇನ್ನೂ ಬಿಗಿ. ಹಿತವೆಂದರೆ ಪಟ್ಟಿಯಲ್ಲಿ ಹೇಳಿರುವ ವಿಷಯಗಳಷ್ಟೇ ಎಂಬುದು ಅವನ ನಿಲುವು. ಅಧ್ಯಕ್ಷ ಪದವಿಯಿಂದ ಇಳಿಯುವ ಹಿಂದಿನ ದಿನ, 1817ರ ಮಾರ್ಚ್ 3ರಂದು, ರಸ್ತೆ ಕಾಲುವೆಗಳಿಗೆ ಹಣ ಒದಗಿಸುವ ಮಸೂದೆಯನ್ನು ಅವನು ತಳ್ಳಿಹಾಕಿದ. ರಸ್ತೆ ಬೇಡವೆಂದಲ್ಲ, ರಸ್ತೆ ಕಟ್ಟುವ ‘ಟು’ ಪಟ್ಟಿಯಲ್ಲಿ ಇಲ್ಲವೆಂದು. 1833ರಲ್ಲಿ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ತನ್ನ ಭಾಷ್ಯದಲ್ಲಿ ಆ ‘ಟು’ವನ್ನು ‘ಸಲುವಾಗಿ’ ಎಂದೇ ಓದಬೇಕೆಂದು ಬಿಡಿಸಿ ಬರೆದ. ಕನ್ನಡಿಗರು ಚತುರ್ಥಿ ಎಂದು ಗುರುತಿಸುವುದು ಅದನ್ನೇ.

ಸುಪ್ರೀಂ ಕೋರ್ಟು ಬಾಯಿಬಿಟ್ಟದ್ದು ಮಾತ್ರ ಆ ‘ಟು’ ಬರೆದ ಒಂದೂವರೆ ಶತಮಾನದ ಬಳಿಕ, 1936ರ ಜನವರಿಯಲ್ಲಿ. ಮಹಾ ಆರ್ಥಿಕ ಕುಸಿತದಲ್ಲಿ ರೈತರು ಬಿತ್ತನೆ ತಗ್ಗಿಸಿದರೆ ಅವರಿಗೆ ಹಣ ಕೊಡುವ ಯೋಜನೆಯನ್ನು 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ತಂದಿತ್ತು. ಆ ಹಣಕ್ಕಾಗಿ ಹತ್ತಿಯಂಥ ಬೆಳೆಗಳ ಸಂಸ್ಕರಣೆಯ ಮೇಲೆ ತೆರಿಗೆ. ದಿವಾಳಿಯಾದ ಹೂಸಾಕ್ ಮಿಲ್ಸ್ ಎಂಬ ಬಟ್ಟೆ ಗಿರಣಿಯ ಉಸ್ತುವಾರಿ ಹೊತ್ತಿದ್ದ ಬಟ್ಲರ್ ಮತ್ತಿತರರು ಅದನ್ನು ಕಟ್ಟುವುದಿಲ್ಲವೆಂದರು. ‘ಟು’ ಸ್ವತಂತ್ರ ಅಧಿಕಾರವಲ್ಲ, ತೆರಿಗೆಯ ಉದ್ದೇಶ ಎಂದು ಕೋರ್ಟು ಒಪ್ಪಿತು. ಆ ಉದ್ದೇಶದ ವ್ಯಾಪ್ತಿ ಮಾತ್ರ ಹ್ಯಾಮಿಲ್ಟನ್ ಹೇಳಿದಷ್ಟು ಅಗಲ, ಪಟ್ಟಿಗೆ ಸೀಮಿತವಲ್ಲ ಎಂದಿತು. ಇಷ್ಟೆಲ್ಲ ಉದಾರವಾಗಿ ಹೇಳಿ, ಕೃಷಿ ರಾಜ್ಯಗಳ ಸೊತ್ತು ಎಂಬ ಬೇರೆ ಕಾರಣಕ್ಕೆ ಕಾಯಿದೆಯನ್ನೇ 6–3 ಬಹುಮತದಿಂದ ಹೊಡೆದುಹಾಕಿತು! ಮರುವರ್ಷ, 1937ರ ಮೇ ತಿಂಗಳಲ್ಲಿ, ಅದೇ ಅಗಲದ ಓದು ಫಲ ಕೊಟ್ಟಿತು. ವೃದ್ಧರಿಗೆ ಪಿಂಚಣಿ ಕೊಡುವ 1935ರ ಸಾಮಾಜಿಕ ಭದ್ರತಾ ಕಾಯಿದೆ ಊರ್ಜಿತವಾಯಿತು. ಅಮೆರಿಕದ ಮುದುಕ ಮುದುಕಿಯರಿಗೆ ತಿಂಗಳು ತಿಂಗಳು ಬರುವ ಚೆಕ್ಕಿನ ಬುಡದಲ್ಲಿ ಇರುವುದು ಈ ಸಣ್ಣ ಅಕ್ಷರದ ‘ಟು’.

2012ರಲ್ಲಿ ಮತ್ತೆ ಅದೇ ಪ್ರಕರಣದ ಕೆಳಗೆ ಒಬಾಮಾ ಆರೋಗ್ಯ ವಿಮಾ ಕಾಯಿದೆ ಬಂದು ನಿಂತಿತು. ವಿಮೆ ಕೊಳ್ಳದವರು ದಂಡ ತೆರಬೇಕೆಂಬ ನಿಯಮ ‘ವಾಣಿಜ್ಯವನ್ನು ನಿಯಂತ್ರಿಸುವ’ ಅಧಿಕಾರದ ಒಳಗೆ ಬಾರದು, ನಿಯಂತ್ರಿಸಬೇಕಾದರೆ ನಿಯಂತ್ರಿಸಲು ಏನಾದರೂ ಮೊದಲೇ ಇರಬೇಕಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಆದರೆ ‘ತೆರಿಗೆ ವಿಧಿಸುವ’ ಅಧಿಕಾರದ ಒಳಗೆ ಬರುತ್ತದೆ ಎಂದು 5–4ರಲ್ಲಿ ಅದನ್ನು ಉಳಿಸಿದರು. ಒಂದು ಇನ್‌ಫಿನಿಟಿವ್ ಕೈಬಿಟ್ಟಿತು, ಇನ್ನೊಂದು ಕೈಹಿಡಿಯಿತು. 2017ರ ತೆರಿಗೆ ಕಾಯಿದೆ ಮುಂದೆ ಆ ದಂಡವನ್ನು ಸೊನ್ನೆಗೆ ಇಳಿಸಿತು, ಅದು ಬೇರೆ ಮಾತು.

ಅಧಿಕಾರದ ‘ಟು’ ಹೀಗಾದರೆ ಹಕ್ಕಿನ ‘ಟು’ ಇನ್ನೂ ನೆತ್ತರು ಮೆತ್ತಿಕೊಂಡದ್ದು. ಅಮೆರಿಕದ ಎರಡನೇ ತಿದ್ದುಪಡಿ (1791) ಜನರಿಗೆ ಆಯುಧಗಳನ್ನು ‘ಇಟ್ಟುಕೊಳ್ಳುವ ಮತ್ತು ಧರಿಸುವ’ ಹಕ್ಕು ಕೊಡುತ್ತದೆ. ಇಂಗ್ಲಿಷಿನಲ್ಲಿ ‘ರೈಟ್’ನ ಹಿಂದೆ ‘ಟು’ ಒಂದೇ, ಕ್ರಿಯಾಪದ ಎರಡು: ‘ಕೀಪ್’, ‘ಬೇರ್’. ಒಂದೇ ‘ಟು’ ಇರುವುದರಿಂದ ಇದು ಒಂದೇ ಹಕ್ಕೋ, ಎರಡೋ? ರಾಜಧಾನಿ ವಾಷಿಂಗ್‌ಟನ್ನಿನಲ್ಲಿ 1976ರಿಂದ ಇದ್ದ ಕೈಬಂದೂಕು ನಿಷೇಧದ ಮೊಕದ್ದಮೆ 2008ರಲ್ಲಿ ತೀರ್ಮಾನವಾದಾಗ ನ್ಯಾಯಮೂರ್ತಿ ಸ್ಟೀವನ್ಸ್, ಇದು ಒಂದೇ ಹಕ್ಕು, ನಾಗರಿಕ ಸೇನೆಯ ಕೆಲಸಕ್ಕೆ ಸಂಬಂಧಪಟ್ಟದ್ದು ಎಂದರು. ನ್ಯಾಯಮೂರ್ತಿ ಸ್ಕಾಲಿಯಾ, ಇಟ್ಟುಕೊಳ್ಳುವುದೇ ಬೇರೆ, ಧರಿಸುವುದೇ ಬೇರೆ, ಇದು ಪ್ರತಿಯೊಬ್ಬ ವ್ಯಕ್ತಿಯ ಹಕ್ಕು ಎಂದರು. 5–4ರಲ್ಲಿ ಸ್ಕಾಲಿಯಾ ಗೆದ್ದರು, ಮನೆಯಲ್ಲಿ ಕೈಬಂದೂಕು ‘ಇಟ್ಟುಕೊಳ್ಳುವ’ ಹಕ್ಕು ಸ್ಥಿರವಾಯಿತು. 2022ರಲ್ಲಿ ನ್ಯೂಯಾರ್ಕಿನ ಮೊಕದ್ದಮೆಯಲ್ಲಿ 6–3ರಿಂದ ‘ಧರಿಸುವ’ ಹಕ್ಕು ಮನೆಯ ಹೊಸಿಲು ದಾಟಿ ಬೀದಿಗೂ ಬಂತು.

ಭಾರತದ ಸಂವಿಧಾನ ಬರೆಯುವಾಗ ಈ ಅಮೆರಿಕನ್ ಅನುಭವ ಕಣ್ಣ ಮುಂದಿತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್, ನಮ್ಮ ಕರಾವಳಿಯ ಮನೆತನದವರು, ಅದೇ ವರ್ಷ ಅಮೆರಿಕ, ಐರ್ಲೆಂಡ್ ಮೊದಲಾದ ದೇಶಗಳಿಗೆ ಹೋಗಿ ಅಲ್ಲಿನ ನ್ಯಾಯವೇತ್ತರೊಡನೆ ಚರ್ಚಿಸಿ ಬಂದರು. ಅಧಿಕಾರ ಹಂಚುವ ವಿಷಯದಲ್ಲಿ ನಮ್ಮ ಸಂವಿಧಾನ ಇನ್‌ಫಿನಿಟಿವ್‌ಗಳ ಮಾಲೆಯ ಗೊಡವೆಗೇ ಹೋಗಲಿಲ್ಲ. 246ನೇ ವಿಧಿ ‘ಕಾನೂನು ಮಾಡುವ ಅಧಿಕಾರ’ ಎಂದು ಹೇಳಿ, ವಿಷಯಗಳನ್ನು ಏಳನೇ ಅನುಸೂಚಿಗೆ ಸಾಗಿಸಿಬಿಟ್ಟಿತು. ಅಲ್ಲಿ ಕೇಂದ್ರಕ್ಕೆ 97, ರಾಜ್ಯಗಳಿಗೆ 66, ಇಬ್ಬರಿಗೂ ಸೇರಿ 47 ನಮೂದುಗಳು ಮೊದಲಿಗೆ ಇದ್ದವು. ರೈಲ್ವೆ, ಅಂಚೆ, ಪೊಲೀಸ್, ಹೀಗೆ ಬಹುಮಟ್ಟಿಗೆ ಬರಿಯ ನಾಮಪದಗಳು. 1935ರ ಬ್ರಿಟಿಷ್ ಕಾಯಿದೆಯಿಂದ ಬಂದ ಪದ್ಧತಿ ಇದು. ನಮ್ಮಲ್ಲೂ ಕೇಂದ್ರ–ರಾಜ್ಯಗಳ ಜಗಳಕ್ಕೆ ಬರವಿಲ್ಲ. ಆದರೆ ಅಲ್ಲಿ ಚರ್ಚೆ ನಮೂದು ಎಷ್ಟು ಅಗಲ ಎಂಬುದರ ಮೇಲೆ, ‘ಟು’ ಎಲ್ಲಿ ಅಂಟಿದೆ ಎಂಬುದರ ಮೇಲಲ್ಲ.

ಹಕ್ಕುಗಳ ಅಧ್ಯಾಯದಲ್ಲಿ ಮಾತ್ರ ‘ಟು’ ತಪ್ಪಲಿಲ್ಲ. 19ನೇ ವಿಧಿಯ ಆರಂಭದಲ್ಲಿ ‘ರೈಟ್’ ಎಂಬ ಪದ ಒಮ್ಮೆ ಬಂದು, ಕೆಳಗೆ (ಎ)ಯಿಂದ (ಜಿ)ವರೆಗೆ ಏಳು ‘ಟು’ಗಳು ಸಾಲಾಗಿ ನಿಂತವು. ಕೂಡಲೇ ಕಾಣದ ಒಂದು ಸಂಗತಿ ಇಲ್ಲಿದೆ: ಮೊದಲನೇ ‘ಟು’ ಇನ್‌ಫಿನಿಟಿವ್ ಅಲ್ಲ. ಅದರ ಹಿಂದಿರುವುದು ‘ವಾಕ್ ಸ್ವಾತಂತ್ರ್ಯ’ ಎಂಬ ನಾಮಪದ. ಮಾತನಾಡುವ ಹಕ್ಕು ಎನ್ನದೆ ಸ್ವಾತಂತ್ರ್ಯದ ಹಕ್ಕು ಎಂದಿದೆ. ಉಳಿದ ಆರೂ ಕ್ರಿಯೆಗಳು: ಶಾಂತಿಯುತವಾಗಿ ಸೇರುವ, ಸಂಘ ಕಟ್ಟುವ, ದೇಶದಲ್ಲೆಲ್ಲ ಸಂಚರಿಸುವ, ನೆಲೆಸುವ, ಆಸ್ತಿ ಗಳಿಸಿ ಇಟ್ಟುಕೊಂಡು ವಿಲೇವಾರಿ ಮಾಡುವ, ವೃತ್ತಿ ವ್ಯಾಪಾರ ನಡೆಸುವ ಹಕ್ಕು. ಇವುಗಳಲ್ಲಿ ಸಭೆ ಮತ್ತು ಸಂಘದ ಮಾತುಗಳು 1937ರ ಐರಿಷ್ ಸಂವಿಧಾನದ ಮಾತುಗಳಿಗೆ ಬಹಳ ಹತ್ತಿರ.

ಕ್ರಿಯೆಯನ್ನು ಬರೆದ ಮೇಲೆ, ಆ ಕ್ರಿಯೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಕೋರ್ಟಿನ ಬಾಗಿಲಿಗೆ ಬರಲೇಬೇಕು. ಬ್ಯಾಂಕ್ ನೌಕರರ ಮೊಕದ್ದಮೆಯೊಂದರಲ್ಲಿ, 1960ರ ದಶಕದ ಆರಂಭದಲ್ಲೇ, ಸಂಘ ‘ಕಟ್ಟುವ’ ಹಕ್ಕಿನ ಜೊತೆಗೆ ಸಂಘದ ಗುರಿಗಳನ್ನು ಸಾಧಿಸುವ, ಮುಷ್ಕರ ಹೂಡುವ ಹಕ್ಕು ತಾನಾಗಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಇನ್ನೊಂದು ಮೊಕದ್ದಮೆಯಲ್ಲಿ ಅದು ಕ್ರಿಯಾಪದವನ್ನು ಹಿಗ್ಗಿಸಿತು. ಹಿಂದಿ ಸಾಹಿತ್ಯ ಸಮ್ಮೇಳನವೆಂಬ ಹಳೆಯ ಸಂಸ್ಥೆಯನ್ನು 1962ರ ಕಾಯಿದೆ ಸರ್ಕಾರಿ ಚೌಕಟ್ಟಿಗೆ ತಂದು ಹೊಸ ಸದಸ್ಯರನ್ನು ಒಳಗೆ ಬಿಟ್ಟಿತ್ತು. ಕಟ್ಟುವ ಹಕ್ಕಿನಲ್ಲಿ, ಕಟ್ಟಿದವರು ತಾವು ಒಪ್ಪಿದವರೊಂದಿಗೇ ಮುಂದುವರಿಯುವ ಹಕ್ಕೂ ಅಡಗಿದೆ ಎಂದು 1971ರಲ್ಲಿ ಕೋರ್ಟು ಆ ಕಾಯಿದೆಯನ್ನು ಅಸಿಂಧುಗೊಳಿಸಿತು. ನಿಜ, ಕಟ್ಟಿದ ಮರುದಿನವೇ ಹೊರಗೆ ಹಾಕಿಸಿಕೊಳ್ಳುವುದಾದರೆ ಕಟ್ಟಿ ಏನು ಫಲ? 1978ರ ಒಂದು ಬಟ್ಟೆ ಕಾರ್ಖಾನೆಯ ಮೊಕದ್ದಮೆಯಲ್ಲಂತೂ ವ್ಯಾಪಾರ ‘ನಡೆಸುವ’ ಹಕ್ಕಿನಲ್ಲಿ ವ್ಯಾಪಾರ ಮುಚ್ಚುವ ಹಕ್ಕೂ ಸೇರಿದೆ ಎಂದಾಯಿತು. ಅದು ಮಿತಿಗಳಿಗೆ ಒಳಪಟ್ಟ ಹಕ್ಕು ಎಂಬ ಮಾತೂ ಜೊತೆಗಿತ್ತು. ಕಾರ್ಖಾನೆ ಮುಚ್ಚಲು ಅನುಮತಿ ಬೇಕೆನ್ನುವ ಕಲಮನ್ನು 1982ರಲ್ಲಿ ಸಂಸತ್ತು ತಿದ್ದಿ ಮತ್ತೆ ತಂದಾಗ, 2002ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು.

25ನೇ ವಿಧಿಯ ಕಥೆ ಇನ್ನೂ ಸೂಕ್ಷ್ಮ. ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಅದರಲ್ಲಿದೆ. ‘ಮುಕ್ತವಾಗಿ’ ಎಂಬ ಕ್ರಿಯಾವಿಶೇಷಣವನ್ನು ‘ಟು’ ಮತ್ತು ಕ್ರಿಯಾಪದದ ನಡುವೆ ತುರುಕದೆ ‘ಟು’ಗಿಂತ ಮುಂಚೆಯೇ ಇಟ್ಟಿರುವುದನ್ನು ನೋಡಿದರೆ, ಇನ್‌ಫಿನಿಟಿವನ್ನು ಒಡೆಯಬಾರದೆಂದು 1864ರಲ್ಲಿ ಡೀನ್ ಆಲ್ಫರ್ಡ್ ಮುಂತಾದವರು ಹಾಕಿದ ಕಟ್ಟಳೆ ದಿಲ್ಲಿಯವರೆಗೂ ಬಂದಿತ್ತೇನೋ ಎನ್ನಿಸುತ್ತದೆ. ‘ಪ್ರಸಾರ’ ಎಂಬ ಕ್ರಿಯೆಯ ಬಗ್ಗೆ ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲೇ ಬಿಸಿಬಿಸಿ ಚರ್ಚೆಯಾಗಿತ್ತು. ಮಧ್ಯಪ್ರದೇಶ ಮತ್ತು ಒರಿಸ್ಸಾದ ಕಾಯಿದೆಗಳು 1977ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಐವರು ನ್ಯಾಯಮೂರ್ತಿಗಳ ಪೀಠ, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು ಪ್ರಸಾರ, ಇನ್ನೊಬ್ಬರನ್ನು ಮತಾಂತರಿಸುವುದು ಅದರಲ್ಲಿ ಸೇರದು ಎಂದು ಗೆರೆ ಎಳೆಯಿತು. ಆ ಗೆರೆ ಸರಿಯಾದ ಜಾಗದಲ್ಲಿದೆಯೇ ಎಂಬ ವಾದ ನ್ಯಾಯವೇತ್ತರಲ್ಲಿ ಅಂದಿನಿಂದಲೂ ನಡೆದಿದೆ.

ಕ್ರಿಯಾಪದ ಹಿಗ್ಗಿಸುವುದು, ಕುಗ್ಗಿಸುವುದು ಕೋರ್ಟಿನ ಕೆಲಸ. ಕಿತ್ತುಹಾಕುವುದು ಸಂಸತ್ತಿನ ಕೆಲಸ. 1978ರ ನಲವತ್ತನಾಲ್ಕನೇ ತಿದ್ದುಪಡಿ 19ನೇ ವಿಧಿಯ (ಎಫ್) ಖಂಡವನ್ನು, ಅಂದರೆ ಆಸ್ತಿ ಗಳಿಸುವ, ಇಟ್ಟುಕೊಳ್ಳುವ, ವಿಲೇವಾರಿ ಮಾಡುವ ಹಕ್ಕನ್ನು, ಮೂಲಭೂತ ಹಕ್ಕುಗಳಿಂದ ತೆಗೆದುಹಾಕಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂಬ ಮಾತು ಬೇರೆ ಕಡೆ, 300ಎ ವಿಧಿಯಲ್ಲಿ, ಸೇರಿತು. ತೆಗೆದ ಮೇಲೆ ಉಳಿದವುಗಳಿಗೆ ಹೊಸದಾಗಿ ಅಕ್ಷರ ಕೊಡಲಿಲ್ಲ. ಸಂವಿಧಾನದ ಯಾವ ಪ್ರತಿಯನ್ನು ತೆರೆದರೂ (ಇ) ಆದ ಮೇಲೆ ಒಂದು ಖಾಲಿ ಜಾಗ, ಆಮೇಲೆ (ಜಿ).